ಬಣ್ಣ ಕೊನೆಗೆ

ಹಬ್ಬ ಬಂತೆಂದರೆ ಮನೆಗೆ ಸುಣ್ಣ ಹೊಡೆಸುವುದು ನಮ್ಮಲ್ಲಿ ಪದ್ಧತಿ. ಕೈಯಲ್ಲಿ ಹಣ ಸಾಲದಾದಾಗ ನಾವು ಮಾಡುವುದೇನು? ಬೀದಿಗೆ ಕಾಣುವ ಗೋಡೆಗೆ ಮೊದಲು ಹೊಡೆಸುತ್ತೇವೆ. ಅಡಿಗೆಮನೆಯ ಸೋರುವ ಮಾಡು ಮುಂದಿನ ವರ್ಷಕ್ಕೆ ಉಳಿಯುತ್ತದೆ. ಈ ದೌರ್ಬಲ್ಯ ಪರರಲ್ಲಿ ಕಂಡಾಗ ನಕ್ಕಿದ್ದೇನೆ. ಅದು ನನ್ನಲ್ಲಿಯೂ ಬೇಕಾದಷ್ಟಿದೆಯೆಂದು ಅರುವತ್ತೈದನೆಯ ವಯಸ್ಸಿನಲ್ಲಿ ತೋರಿಸಿಕೊಟ್ಟದ್ದು ಒಂದು ಹಳೆಯ ವಿಲಾಯಿತಿ ಕಾರು.

ಕಥೆ ನಾನು ಹುಟ್ಟುವುದಕ್ಕೆ ಮೊದಲೇ ಆರಂಭವಾಗುತ್ತದೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಒಬ್ಬ ಡಾಕ್ಟರರಿದ್ದರು. ಇಂಗ್ಲೆಂಡಿನಲ್ಲಿ ಓದಿ, ಅಲ್ಲಿಯೇ ಕೆಲಕಾಲ ದುಡಿದು, 1956ರಲ್ಲಿ ಹಿಂದಿರುಗುವಾಗ ತಮ್ಮ ಮಾರಿಸ್ ಮೈನರ್ ಕಾರನ್ನೂ ಹಡಗಿನಲ್ಲಿ ಹಾಕಿಸಿಕೊಂಡು ಬಂದಿದ್ದರು. ಮರುವರ್ಷ ಜುಲೈ ತಿಂಗಳ ಒಂದು ರಾತ್ರಿ ನಮ್ಮ ತಾಯಿಗೆ ಹೆರಿಗೆ ನೋವು ಬಂತು. ಹೊರಗೆ ಜಡಿಮಳೆ, ಜಟಕಾದವರಾರೂ ಸಿಗಲಿಲ್ಲ. ಡಾಕ್ಟರರು ಪಂಚೆಯುಟ್ಟಂತೆಯೇ ಎದ್ದು ಬಂದು, ಅಮ್ಮನನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಚೆಲುವಾಂಬ ಆಸ್ಪತ್ರೆಗೆ ಕರೆದೊಯ್ದರು. ಬೆಳಗಾಗುವುದರೊಳಗೆ ನಾನು ಈ ಲೋಕಕ್ಕೆ ಬಂದೆ. ನಮ್ಮ ಮನೆಯಲ್ಲಿ ನನ್ನ ಹುಟ್ಟುಹಬ್ಬದ ದಿನ ಪಾಯಸದ ಜೊತೆಗೆ ಆ ಕಾರಿನ ಪ್ರಸ್ತಾಪವೂ ತಪ್ಪದೆ ಬರುತ್ತದೆ.

2022ರ ಹುಟ್ಟುಹಬ್ಬದಂದು ಅಮ್ಮ ಎಂದಿನಂತೆ ಕಥೆ ಹೇಳಿ, ಕೊನೆಗೆ, “ಆ ಕಾರಿನಲ್ಲಿ ಇನ್ನೊಂದು ಸಲ ಕೂತಿದ್ದಿದ್ದರೆ ಚೆನ್ನಾಗಿತ್ತು, ಅವತ್ತು ನೋವಿನಲ್ಲಿ ಏನೂ ನೋಡಲಿಲ್ಲ” ಎಂದರು. ಅವರಿಗಾಗ ಎಂಬತ್ತೈದು ದಾಟಿತ್ತು. ನಾನು ಹೊಸದಾಗಿ ನಿವೃತ್ತನಾಗಿದ್ದೆ; ಕೈಯಲ್ಲಿ ಒಂದಿಷ್ಟು ಹಣ, ಬೇಕಾದಷ್ಟು ವೇಳೆ. ಮನುಷ್ಯ ಕೆಡುವುದಕ್ಕೆ ಇನ್ನೇನು ಬೇಕು?

ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗನಿಗೆ ಫೋನು ಮಾಡಿದೆ. “ಅಪ್ಪಾ, ಇಲ್ಲಿ ಈ ಕಾರುಗಳು ಈಗಲೂ ಮಾರಾಟಕ್ಕಿವೆ, ಒಂದನ್ನು ಕೊಂಡು ಕಳಿಸಲೇ?” ಎಂದ. ಸಂತೋಷದಿಂದ ಹೂಂ ಎನ್ನುವುದರೊಳಗೆ ಕಾನೂನು ಅಡ್ಡ ಬಂತು. ಆಗಿನ ನಿಯಮದಂತೆ, 1950ಕ್ಕೆ ಮೊದಲು ತಯಾರಾದ ಹಳೆಯ ಕಾರುಗಳನ್ನು ಮಾತ್ರ ಸ್ವಂತಕ್ಕೆಂದು ತರಿಸಿಕೊಳ್ಳಲು ಸುಲಭವಾದ ಅವಕಾಶವಿತ್ತು. ತರಿಸಿದರೂ ಕಾರಿನ ಬೆಲೆಯನ್ನು ಮೀರುವ ಸುಂಕ. ಹಡಗಿನ ಬಾಡಿಗೆ ಬೇರೆ. ನನ್ನ ಹೆಂಡತಿ ಲೆಕ್ಕದ ಹಾಳೆಯನ್ನು ಒಮ್ಮೆ ನೋಡಿ, “ಇದರಲ್ಲಿ ಅಡಿಗೆಮನೆಯ ಮಾಡನ್ನು ಹತ್ತು ಸಲ ರಿಪೇರಿ ಮಾಡಿಸಬಹುದು” ಎಂದಷ್ಟೇ ಹೇಳಿ ಒಳಗೆ ಹೋದಳು.

ಅಷ್ಟರಲ್ಲಿ ದಲ್ಲಾಳಿಯೊಬ್ಬನಿಂದ ಸುದ್ದಿ ಬಂತು. ಡಾಕ್ಟರರು ತೀರಿಕೊಂಡ ಮೇಲೆ ಷೆಡ್ಡಿನಲ್ಲಿ ಬಿದ್ದಿದ್ದ ಆ ಕಾರೇ ಕೈಯಿಂದ ಕೈಗೆ ದಾಟಿ, ಈಗ ಊರಿನ ಹೊರಗೆ ಮಾರಾಟಕ್ಕೆ ನಿಂತಿದೆಯಂತೆ! ನೋಡಲು ಓಡಿದೆ. ಕೆಂಪು ಬಣ್ಣ ಬಳಿದುಕೊಂಡು, ಮದುಮಗನಂತೆ ಥಳಥಳಿಸುತ್ತ ನಿಂತಿತ್ತು. ನಡುವೆ ಸೀಳಿದಂತೆ ಎರಡು ಗಾಜಿನ ಮುಂಗಿಟಕಿ, ಗುಂಡನೆಯ ಬೆನ್ನು. ಕಣ್ಣು ತುಂಬಿ ಬಂತು. ಕಣ್ಣು ತುಂಬಿದವನು ಕಾರಿನ ಕೆಳಗೆ ಬಗ್ಗಿ ನೋಡುತ್ತಾನೆಯೆ? ಚೌಕಾಸಿಯನ್ನೂ ಸರಿಯಾಗಿ ಮಾಡದೆ ಮುಂಗಡ ಕೊಟ್ಟು ಬಂದೆ.

ಈ ಕಾರಿನ ಪೂರ್ವೋತ್ತರವನ್ನು ಓದುಗರಿಗೆ ಸ್ವಲ್ಪ ಹೇಳಬೇಕು. ತುರ್ಕಿಯ ಸ್ಮಿರ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಅಲೆಕ್ ಇಸಿಗೋನಿಸ್ ಎಂಬಾತ ಇದರ ಶಿಲ್ಪಿ. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಅದಕ್ಕೆ ಮುಂಚೆ, ಎಲ್ಲ ಸಿದ್ಧವಾದ ಮೇಲೆ, ಕಾರು ತೀರ ಇಕ್ಕಟ್ಟಾಗಿ ಕಾಣುತ್ತದೆಂದು ಆತನಿಗೆ ಅನ್ನಿಸಿತಂತೆ. ಮಾದರಿಯನ್ನು ಉದ್ದಕ್ಕೆ ಎರಡಾಗಿ ಕೊಯ್ಯಿಸಿ, ಹೋಳುಗಳನ್ನು ಕಣ್ಣಿಗೆ ಒಪ್ಪುವವರೆಗೆ ದೂರ ಸರಿಸಿ, ನಡುವೆ 4 ಅಂಗುಲ ಸೇರಿಸಿದ. ಬಾನೆಟ್ಟಿನ ನಡುವೆ ಉಬ್ಬಿ ನಿಂತ ಪಟ್ಟಿ ಆ ಹೊಲಿಗೆಯ ಗುರುತು. ಕಾರಿನಲ್ಲಿ ನಾಲ್ವರು ಸುಖವಾಗಿ ಕೂರುವಂತಾಯಿತು. ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ. ಸ್ವತಂತ್ರ ಭಾರತ 1949ರಲ್ಲಿ ಪೂರ್ಣವಾಗಿ ತಯಾರಾದ ಕಾರುಗಳ ಆಮದನ್ನು ತಡೆದ ಮೇಲೆ, ಹಿಂದೂಸ್ಥಾನ್ ಮೋಟಾರ್ಸಿನವರು ಬಿಡಿಭಾಗಗಳನ್ನು ತರಿಸಿ ಇಲ್ಲಿಯೇ ಜೋಡಿಸಿ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಲ್ಲಿ ಇದನ್ನು ಮಾರಿದರು. ನಮ್ಮ ಡಾಕ್ಟರರದು ಆಕ್ಸ್‌ಫರ್ಡಿನಲ್ಲಿಯೇ ಹುಟ್ಟಿದ 1954ರ ಕಾರು, 803 ಸಿ.ಸಿ. ಎಂಜಿನ್, 30 ಅಶ್ವಶಕ್ತಿ. ಇಂದಿನ ಸ್ಕೂಟರಿನ ಹುಡುಗರು ಅದನ್ನು ಕೇಳಿ ನಗುತ್ತಾರೆ.

ಇಂಥ ಕಾರಿಗೆ ಕೈಹಾಕಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದರು. ಎಪ್ಪತ್ತೆಂಟು ವರ್ಷದ ಮೇಸ್ತ್ರಿ. ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು. ಕಾರು ಬಂದು ನಿಂತಾಗ ಅವರು ಅದರ ಹೊಳಪನ್ನು ನೋಡಲೇ ಇಲ್ಲ. ಹಳೆಯ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವನ್ನು ತರಿಸಿ, ಬಾಗಿಲ ಕೆಳಗೆ, ಚಕ್ರದ ಮೇಲೆ, ಹಿಂಬದಿಯ ಮೂಲೆಗಳಲ್ಲಿ ಒತ್ತಿ ಬಿಟ್ಟರು. ಕೆಲವೆಡೆ ಹಿಡಿಯಿತು; ಹಲವೆಡೆ ಜಾರಿ ಕೆಳಗೆ ಬಿತ್ತು.

“ಇಲ್ಲೆಲ್ಲ ತಗಡಿಲ್ಲ ಸ್ವಾಮಿ, ಬರೀ ಪುಟ್ಟಿ. ತುಕ್ಕಿನ ಮೇಲೆ ಮೆತ್ತಿ ಬಣ್ಣ ಹೊಡೆದಿದ್ದಾರೆ” ಎಂದರು.

ಚಾಲಕನ ಕಾಲಡಿಯ ಹಾಸನ್ನು ಎತ್ತಿಸಿದರು. ಈ ಕಾರಿನಲ್ಲಿ ಬ್ರೇಕಿನ ಎಣ್ಣೆಯ ಮುಖ್ಯ ಸಿಲಿಂಡರು ಇರುವುದು ಅಲ್ಲಿ, ನೆಲದ ಕೆಳಗಿನ ಚಾಸಿಯ ಒಳಗೆ. ಕಣ್ಣಿಗೆ ಬೀಳದ ಜಾಗವಾದ್ದರಿಂದ ಅದರ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ. ಎಣ್ಣೆ ಬತ್ತಿ, ರಬ್ಬರು ಕರಗಿ ಕರಿ ಅಂಟಾಗಿತ್ತು. ಹಿಂದಿನ ಸ್ಪ್ರಿಂಗು ಹಿಡಿದಿರುವ ಕಡೆ ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು. ನಾನು ಈ ಕಾರನ್ನು ಗ್ಯಾರೇಜಿನವರೆಗೆ ಓಡಿಸಿಕೊಂಡು ಬಂದಿದ್ದೆ ಎಂಬುದನ್ನು ಕೇಳಿ ಮೇಸ್ತ್ರಿ ಕೈಮುಗಿದರು. ನನಗಲ್ಲ, ದೇವರಿಗೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. 2023ರ ಜನವರಿಯಲ್ಲಿ ಊರಿನಲ್ಲಿ ಹಳೆಯ ಕಾರುಗಳ ಸಾಲುಯಾತ್ರೆಯೊಂದು ಗೊತ್ತಾಗಿತ್ತು. ಅಮ್ಮನನ್ನು ಅದರಲ್ಲಿ ಕೂರಿಸಲೇಬೇಕೆಂದು ಹಟ ಹಿಡಿದೆ. ಬ್ರೇಕಿಗೆ ತಾತ್ಕಾಲಿಕವಾಗಿ ಏನಾದರೂ ಮಾಡಿ, ಒಂದು ಸುತ್ತು ಹೋಗಿಬರೋಣ, ಉಳಿದದ್ದು ಆಮೇಲೆ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. “ಕಾರು ನನ್ನದು, ಹಣ ನನ್ನದು, ತಾಯಿಯೂ ನನ್ನವರು” ಎಂದುಬಿಟ್ಟೆ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ಮೊಮ್ಮಗನನ್ನು ಕರೆದು ಮುಂದಿನ ಬಲಚಕ್ರವನ್ನು ಜ್ಯಾಕಿನ ಮೇಲೆ ಎತ್ತಿಸಿದರು. “ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಸ್ವಾಮಿ” ಎಂದರು. ಅಲ್ಲಾಡಿಸಿದೆ. ಟಕ್ ಟಕ್ ಎಂದಿತು. ಚಕ್ರವನ್ನು ಬಿಚ್ಚಿಸಿ, ಒಳಗಿನಿಂದ ಒಂದು ಕಬ್ಬಿಣದ ತುಂಡನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅದಕ್ಕೆ ಟ್ರನಿಯನ್ ಎಂದು ಹೆಸರು. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದು, ತಿರುಪಿನ ಮರೆಯಿರುವ ಈ ತುಂಡಿನ ಆಧಾರದ ಮೇಲೆ. ಸಾವಿರ ಮೈಲಿಗೊಮ್ಮೆಯಾದರೂ ಗ್ರೀಸು ತಿನ್ನಿಸಬೇಕು. ಗ್ರೀಸು ಕಾಣದೆ ಇದರ ಮರೆಗಳು ಮುದುಕನ ವಸಡಿನಂತೆ ಸವೆದು ನುಣ್ಣಗಾಗಿದ್ದವು.

“ಇದು ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರು ಮೂಗಿನ ಮೇಲೆ ಕೂರುತ್ತದೆ. ನಾನು ಹುಡುಗನಾಗಿದ್ದಾಗ ಬೆಟ್ಟದ ರಸ್ತೆಯಲ್ಲಿ ಒಂದನ್ನು ಹಾಗೆ ನೋಡಿದ್ದೇನೆ. ಕಾರು ನಿಮ್ಮದೇ ಸ್ವಾಮಿ. ತಗೊಂಡು ಹೋಗುವುದಾದರೆ ಹೋಗಿ” ಎಂದರು.

ಅಂಗೈ ಮೇಲಿನ ಆ ತುಂಡನ್ನು ನೋಡುತ್ತ ನಾನು ಬಹಳ ಹೊತ್ತು ನಿಂತಿದ್ದೆ. ಅಮ್ಮ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಆ ಜನವರಿ ಹಾಗೆಯೇ ಕಳೆಯಿತು.

ಅನಂತರದ ಕೆಲಸ ಮೇಸ್ತ್ರಿ ಹಾಕಿಕೊಟ್ಟ ಕ್ರಮದಲ್ಲಿ ನಡೆಯಿತು: ಮೊದಲು ನಿಲ್ಲುವುದು, ಆಮೇಲೆ ತಿರುಗುವುದು, ಅದಾದ ಮೇಲೆ ಓಡುವುದು, ಹೊಳೆಯುವುದು ಕಟ್ಟಕಡೆಗೆ. ಇಂಗ್ಲೆಂಡಿನಲ್ಲಿ ಈ ಕಾರಿಗೆ ಬೇಕಾದ ಬಹುಪಾಲು ಭಾಗಗಳು ಇಂದಿಗೂ ಹೊಸದಾಗಿ ದೊರೆಯುತ್ತವೆ. 1990ರ ದಶಕದಲ್ಲಿ ನಮ್ಮ ನೆರೆಯ ಶ್ರೀಲಂಕೆಯಲ್ಲಿಯೂ ಇದಕ್ಕೆ ತಗಡಿನ ಭಾಗಗಳನ್ನು ತಯಾರಿಸುವ ಕಾರ್ಖಾನೆ ನಡೆಯುತ್ತಿತ್ತು. ಮಗ ರಜೆಗೆ ಬಂದಾಗ ಎಲ್ಲರ ಪೆಟ್ಟಿಗೆಯಲ್ಲಿ ಚಾಕೊಲೇಟಿದ್ದರೆ ಅವನ ಪೆಟ್ಟಿಗೆಯಲ್ಲಿ ಬ್ರೇಕಿನ ರಬ್ಬರು, ಟ್ರನಿಯನ್ ಜೋಡಿ, ಅಂಗುಲದ ಅಳತೆಯ ಸ್ಪ್ಯಾನರುಗಳು. ಇಂದಿನ ಮಿಲಿಮೀಟರಿನ ಸ್ಪ್ಯಾನರು ಈ ಕಾರಿನ ಬೋಲ್ಟಿಗೆ ಸರಿಯಾಗಿ ಕೂರುವುದಿಲ್ಲ. ಜಾರಿ ಮೂಲೆಗಳನ್ನು ತಿನ್ನುತ್ತದೆ. ಸೊಸೆ ಏನೆಂದುಕೊಂಡಳೋ ಕೇಳುವ ಧೈರ್ಯವಾಗಲಿಲ್ಲ.

ಒಂದು ಅವಾಂತರವನ್ನು ಹೇಳದಿರಲಾಗದು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣದ ತುದಿಯನ್ನು ಕಾರಿನ ಒಡಲಿಗೆ ಕೂಡಿಸುತ್ತಾರೆ. ಆ ಕಾಲದ ಮಾರಿಸ್‌ನಲ್ಲಿ ಒಡಲಿಗೆ ಸೇರಬೇಕಾದದ್ದು ಧನದ ತುದಿ. ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ಮೊಮ್ಮಗ ತಾನು ಕಲಿತಂತೆ ಕೂಡಿಸಿ ಎಂಜಿನ್ ಚಾಲೂ ಮಾಡಿದ. ಡೈನಮೋವಿನ ಕಟೌಟ್ ಪೆಟ್ಟಿಗೆಯಿಂದ ಹೊಗೆ ಬಂತು. ಹುಡುಗನ ಮುಖ ಸುಣ್ಣವಾಯಿತು. ಹಿಂದಿರುಗಿದ ಮೇಸ್ತ್ರಿ ಬಯ್ಯಲಿಲ್ಲ. ಸುಟ್ಟ ಪೆಟ್ಟಿಗೆಯನ್ನು ಬಿಚ್ಚಿ, ಒಳಗೆ ಯಾವುದು ಯಾವುದನ್ನು ಮುಟ್ಟುತ್ತದೆಯೆಂಬುದನ್ನು ಸಂಜೆಯವರೆಗೆ ತೋರಿಸಿಕೊಟ್ಟರು. ಅಂದಿನಿಂದ ಆ ಹುಡುಗ ಕೈಯಲ್ಲಿದ್ದ ಮೊಬೈಲನ್ನು ಪಕ್ಕಕ್ಕಿಟ್ಟು ತಾತನ ಬೆನ್ನು ಹತ್ತಿದ. ಪೆಟ್ಟಿಗೆಯ ಬೆಲೆ ನನಗೆ ಬಿತ್ತು. ಆದರೆ ಇಡೀ ಖರ್ಚಿನಲ್ಲಿ ಅಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ. ಮುಂದೆ ಈ ಕಾರು ನಿಂತರೆ ಅದನ್ನು ಏಳಿಸಬಲ್ಲ ಕೈ ಊರಿನಲ್ಲಿ ಇನ್ನೊಂದು ಇದೆ.

ಕಾಗದಪತ್ರಗಳ ಮಾತು ಸಂಕ್ಷೇಪವಾಗಿ ಹೇಳಿದರೆ ಸಾಕು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ಮಾಡಿದೆ. ಮೊದಲೇ ನೋಂದಣಿಯಾಗಿದ್ದ ಕಾರು ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಆದರೆ ಇಂಥ ಕಾರಿನಲ್ಲಿ ದಿನವೂ ತರಕಾರಿ ತರಲು ಹೋಗುವಂತಿಲ್ಲ. ಪ್ರದರ್ಶನ, ಸಾಲುಯಾತ್ರೆ, ದುರಸ್ತಿ, ಪೆಟ್ರೋಲು, ಇಷ್ಟಕ್ಕೆ ರಸ್ತೆಗಿಳಿಸಬಹುದು. ಕೊಳ್ಳುವ ಆಸೆಯುಳ್ಳವರು ಈ ಎರಡು ಮಾತು ನೆನಪಿಡಲಿ: ಕಾಗದ ಸರಿಯಿಲ್ಲದ ಹಳೆಯ ಕಾರನ್ನು ಪುಕ್ಕಟೆಯಾಗಿಯೂ ತರಬಾರದು, ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವಿರಬೇಕು.

2024ರ ಜನವರಿ ಬಂತು. ಬ್ರೇಕು ಸರಿಯಾಗಿತ್ತು, ಚಕ್ರ ಸರಿಯಾಗಿತ್ತು, ಕೊಳೆತ ತಗಡು ಹೋಗಿ ಹೊಸ ತಗಡು ಬಂದಿತ್ತು. ಕೊಂಡ ಬೆಲೆಯಷ್ಟೇ ಹಣ ಮತ್ತೊಮ್ಮೆ ಖರ್ಚಾಗಿತ್ತು. ಬಣ್ಣಕ್ಕೆ ಉಳಿದಿರಲಿಲ್ಲ. ಪುಟ್ಟಿ ಕೆರೆದ ಕಡೆ ಪ್ರೈಮರಿನ ತೇಪೆ, ಉಳಿದ ಕಡೆ ದಲ್ಲಾಳಿಯ ಕೆಂಪು. ಸಾಲುಯಾತ್ರೆಯಲ್ಲಿ ಹೊಳೆಯುವ ಕಾರುಗಳ ನಡುವೆ ನಮ್ಮದು ಸಿಡುಬೆದ್ದ ಮಗುವಿನಂತೆ ನಿಂತಿತ್ತು. ಒಂದಿಬ್ಬರು ನಕ್ಕರು. ನನಗೂ ಒಳಗೇ ಸಂಕೋಚ.

ಅಮ್ಮ ಮುಂದಿನ ಸೀಟಿನಲ್ಲಿ ಕೂತು, ಒಳಗೆಲ್ಲ ಕೈಯಾಡಿಸಿ, “ಡಾಕ್ಟರ ಕಾರು ಕೆಂಪಲ್ಲ ಕಣೋ, ಬೂದಿ ಬಣ್ಣದ್ದು” ಎಂದರು. ಹಿಂದೆ ನಿಂತಿದ್ದ ಮೇಸ್ತ್ರಿಯ ಮೊಮ್ಮಗ ಬಾಗಿಲಿನ ರಬ್ಬರನ್ನು ಸ್ವಲ್ಪ ಎತ್ತಿ ತೋರಿಸಿದ. “ಹೌದು ಅಜ್ಜಿ, ನೋಡಿ, ಅಡಿಯಲ್ಲಿ ಬೂದಿಯೇ ಇದೆ.”

ಹೊರಟೆವು. ಮೊದಲ ತಿರುವಿನಲ್ಲಿ ಗುಂಡಿ ತಿರುಗಿಸಿದೆ. ಬಾಗಿಲುಗಳ ನಡುವಿನ ಕಂಬದಿಂದ ರೈಲ್ವೆಯ ಕೈಮರದಂಥ ಪುಟ್ಟ ತೋರುಗೈ ದೀಪ ಹೊತ್ತಿಸಿಕೊಂಡು ಹೊರಚಾಚಿತು. ಅಮ್ಮ ಕುತ್ತಿಗೆ ತಿರುಗಿಸಿ ಅದನ್ನೇ ನೋಡಿದರು.

“ಅವತ್ತು ಇದು ಏಳಲೇ ಇಲ್ಲ. ಡಾಕ್ಟರು ಮಳೆಯಲ್ಲಿ ತೋಳು ಹೊರಗೆ ಚಾಚಿ ಚಾಚಿ ತೋರಿಸುತ್ತಿದ್ದರು, ಅಂಗಿಯೆಲ್ಲ ನೆನೆದುಹೋಗಿತ್ತು. ಈಗ ರಿಪೇರಿ ಮಾಡಿಸಿದೆಯಲ್ಲ, ಒಳ್ಳೆಯದಾಯಿತು” ಎಂದರು.

ತೇಪೆಗಳ ವಿಷಯ ಅವರು ಎತ್ತಲೇ ಇಲ್ಲ.

ಮನೆಗೆ ಬಂದು ಲೆಕ್ಕ ಬರೆಯಲು ಕೂತೆ. ಬಣ್ಣಕ್ಕೆಂದು ಮುಂದಿನ ತಿಂಗಳುಗಳಲ್ಲಿ ಎತ್ತಿಡಬೇಕಾದ ಹಣವನ್ನು ಗುರುತು ಹಾಕಿ, ಒಂದು ಕ್ಷಣ ಯೋಚಿಸಿ, ಆ ಸಾಲನ್ನು ಹೊಡೆದುಹಾಕಿದೆ. ಆ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಅಡಿಗೆಮನೆಯ ಮಾಡು ರಿಪೇರಿಯಾಯಿತು. ಕಾರಿಗೆ ಬಣ್ಣ ಇನ್ನೂ ಆಗಿಲ್ಲ. ಆಗುವಾಗ ಅದು ಬೂದಿ ಬಣ್ಣವೇ ಎಂಬುದರಲ್ಲಿ ಮಾತ್ರ ಮನೆಯಲ್ಲಿ ಎರಡು ಅಭಿಪ್ರಾಯವಿಲ್ಲ.