ಹೊರುವವರ, ಕಡಿಯುವವರ ಮೈಶ್ರಮವನ್ನು ಸೆನ್ಸರ್ ಕಟ್ಟಿ ಅಳೆಯಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯ,
ಮಹಾರಾಷ್ಟ್ರ ಸರ್ಕಾರ, ಮುಂಬೈ
(ಲಾತೂರ ಮತ್ತು ಧಾರಾಶಿವ ಜಿಲ್ಲಾಧಿಕಾರಿಗಳ ಮುಖಾಂತರ)

ವಿಷಯ: ಉದಗೀರ, ನಿಲಂಗಾ, ಉಮರ್ಗಾ ತಾಲ್ಲೂಕುಗಳ ಹಮಾಲರು, ಬೇಳೆ ಮಿಲ್ಲಿನ ಕೆಲಸಗಾರರು ಮತ್ತು ಕಬ್ಬು ಕಡಿಯುವವರ ದೇಹಶ್ರಮದ ಪರೀಕ್ಷೆ.

ಮಾನ್ಯರೇ,

ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಇಲ್ಲಿನ ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿದಿದೆ. ಸಂವಿಧಾನದ 350ನೇ ಅನುಚ್ಛೇದ ಕೊಟ್ಟಿರುವ ಹಕ್ಕಿನಂತೆ ಈ ಮನವಿಯನ್ನು ಕನ್ನಡದಲ್ಲೇ ಸಲ್ಲಿಸುತ್ತಿದ್ದೇವೆ.

ನಡ ನೋಯುತ್ತದೆ ಎಂದು ಹೇಳಿದರೆ ವಯಸ್ಸಾಯಿತು ಅನ್ನುತ್ತಾರೆ. ಮೂವತ್ತರ ಹಮಾಲನಿಗೂ ಅದೇ ಮಾತು. ಕೈ ಮುರಿದರೆ ಅಪಘಾತವೆಂದು ಬರೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಬಾಗಿ ಬಾಗಿ ಸವೆದ ಬೆನ್ನಿಗೆ ಯಾವ ದಫ್ತರದಲ್ಲೂ ಜಾಗವಿಲ್ಲ. ನಮ್ಮ ನೋವು ಪುರಾವೆಯಾಗದಿದ್ದರೆ ನಮ್ಮ ಕೆಲಸವನ್ನೇ ಅಳೆದು ನೋಡಿ ಎಂಬುದು ನಮ್ಮ ಕೋರಿಕೆ.

ಅಳೆಯುವ ಸಾಧನ ಈಗ ಇದೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್‌ಗಳನ್ನು ಎದೆಗೆ, ಸೊಂಟಕ್ಕೆ, ತೋಳಿಗೆ, ತೊಡೆಗೆ ಪಟ್ಟಿಯಲ್ಲಿ ಕಟ್ಟಿದರೆ ಮೈ ಎಷ್ಟು ಡಿಗ್ರಿ ಬಾಗಿತು, ಎಷ್ಟು ಹೊತ್ತು ಹಾಗೇ ಇತ್ತು, ದಿನಕ್ಕೆ ಎಷ್ಟು ಬಾರಿ ತಿರುಚಿತು ಎಂಬುದೆಲ್ಲ ದಾಖಲಾಗುತ್ತದೆ. 2000ದಲ್ಲಿ ಪ್ರಕಟವಾದ ರೀಬಾ ಎಂಬ ಪರೀಕ್ಷಾ ಪದ್ಧತಿ 60 ಡಿಗ್ರಿಗಿಂತ ಹೆಚ್ಚು ಮುಂದೆ ಬಾಗುವುದಕ್ಕೆ ಬೆನ್ನಿನ ಭಂಗಿಗಳಲ್ಲೇ ಹೆಚ್ಚಿನ ಅಪಾಯದ ಅಂಕ ಕೊಡುತ್ತದೆ. ಆದರೆ ಅದು ನೋಡುವವರ ಕಣ್ಣಂದಾಜನ್ನು ನೆಚ್ಚಿದ ಪದ್ಧತಿ. ತಪಾಸಣೆಗೆ ಬಂದವರು ಅರ್ಧ ತಾಸು ನಿಂತು ಹೋಗುತ್ತಾರೆ. ಸೆನ್ಸರ್ ಬೆಳಗಿನಿಂದ ಕತ್ತಲಾಗುವವರೆಗೆ ಮೈಮೇಲೇ ಇರುತ್ತದೆ.

ಕಬ್ಬನ್ನು ನೆಲಕ್ಕೆ ಹತ್ತಿ ಕಡಿಯಬೇಕು. ಬುಡದಲ್ಲೇ ಸಕ್ಕರೆ ಹೆಚ್ಚು, ಕೂಳೆಯೂ ಆಗಲೇ ಚೆನ್ನಾಗಿ ಚಿಗುರುತ್ತದೆ. ಹಾಗಾಗಿ ಪ್ರತಿ ಏಟಿಗೂ ಬಾಗಲೇಬೇಕು. ಕೂಲಿಯ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಕಡಿದದ್ದನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಓರೆ ಹಲಗೆ ಹತ್ತಿ ಲಾರಿಗೆ ಹಾಕುವ ಕೆಲಸ ಹೆಣ್ಣುಮಕ್ಕಳಿಗೂ ತಪ್ಪಿದ್ದಲ್ಲ, ಬಸುರಿಯರಿಗೂ ತಪ್ಪಿಲ್ಲ. ಒಂದು ದಿನ ಮಲಗಿದರೆ ‘ಖಾಡಾ’ ಎಂದು, ನಮ್ಮನ್ನು ಕೆಲಸಕ್ಕೆ ಕರೆತರುವ ಮುಕಾದಮ ದಂಡ ಹಾಕುತ್ತಾನೆ. ಹೊಲ ಕಾರ್ಖಾನೆಯ ಗೋಡೆಯ ಹೊರಗಿದೆ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ದಯವಿಟ್ಟು ಬೇಡ. ಆ ಕಬ್ಬು ಅರೆಯುವ ಕಾರ್ಖಾನೆ ತಮ್ಮ ವ್ಯಾಪ್ತಿಯಲ್ಲೇ ಇದೆ.

ಹಮಾಲರದು ಬೇರೆ ಬಗೆ. 50 ಕಿಲೋ ಚೀಲವನ್ನು ಬೆನ್ನಿಗೇರಿಸಿ ಥಪ್ಪಿಯ, ಅಂದರೆ ಪೇರಿಸಿದ ಚೀಲಗಳ, ತುದಿಗೆ ಹತ್ತಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಯೋಷ್‌ನ 1991ರ ಸೂತ್ರದಲ್ಲಿ ಎಲ್ಲ ಅನುಕೂಲವಿದ್ದಾಗಲೂ ಎತ್ತಲು ಶಿಫಾರಸಾದ ಗರಿಷ್ಠ ಭಾರ 23 ಕಿಲೋ. ಆರೋಗ್ಯಕ್ಕೆ ಕುತ್ತು ತರುವಷ್ಟು ಭಾರ ಹೊರಿಸಬಾರದೆಂಬ 1967ರ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2010ರಲ್ಲಿ ಅನುಮೋದಿಸಿದೆ. ನಮ್ಮ ರಾಜ್ಯದಲ್ಲಂತೂ ಹೊರೆ ಹೊರುವವರಿಗಾಗಿ 1969ರಿಂದ ಮಾಥಾಡಿ ಕಾಯಿದೆಯೇ ಇದೆ.

ಆದ್ದರಿಂದ ಮುಂಬೈನ ಕೇಂದ್ರ ಕಾರ್ಮಿಕ ಸಂಸ್ಥೆ ಅಥವಾ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರಿಂದ ಉದಗೀರದ ಬೇಳೆ ಮಿಲ್ಲು ಮತ್ತು ಮಾರುಕಟ್ಟೆ ಅಂಗಳದಲ್ಲಿ, ನಿಲಂಗಾ ಮತ್ತು ಉಮರ್ಗಾದ ಕಬ್ಬಿನ ಹೊಲಗಳಲ್ಲಿ, ಹಂಗಾಮು ನಡೆಯುತ್ತಿರುವಾಗಲೇ ಈ ಪರೀಕ್ಷೆ ಮಾಡಿಸಬೇಕು. ಹೆಂಗಸರನ್ನು ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅವರಿಗೆ ಪಟ್ಟಿ ಕಟ್ಟುವವರು ಹೆಂಗಸರೇ ಆಗಿರಬೇಕು. ಚೀಲ ಕೂರುವುದೇ ಬೆನ್ನಿನ ಮೇಲ್ಭಾಗದಲ್ಲಿ. ಅಲ್ಲಿ ಸೆನ್ಸರ್ ಕಟ್ಟಿದರೆ ಅದು ಒತ್ತಿ ಗಾಯವಾಗುತ್ತದೆ, ಅಳತೆಯೂ ಕೆಡುತ್ತದೆ. ಹಮಾಲರಿಗೆ ಎದೆಮೂಳೆಯ ಮೇಲೆಯೇ ಕಟ್ಟಬೇಕು. ಮಿಲ್ಲಿನ ಕಬ್ಬಿಣ, ಲಾರಿಯ ಕಬ್ಬಿಣ ಸೆನ್ಸರ್‌ನೊಳಗಿನ ಕಾಂತ ಮಾಪಕವನ್ನು ದಾರಿ ತಪ್ಪಿಸುವುದುಂಟು, ಅದನ್ನೂ ಗಮನಿಸಬೇಕು. ಮುಖ್ಯವಾಗಿ, ಈ ಸೆನ್ಸರ್ ಬಾಗುವುದನ್ನು ತಿಳಿಯುತ್ತದೆ, ಭಾರವನ್ನು ತಿಳಿಯುವುದಿಲ್ಲ. ಚೀಲವನ್ನೂ ಹೊರೆಯನ್ನೂ ತೂಗಿ ಜೊತೆಗೆ ಬರೆಯದಿದ್ದರೆ ಅರ್ಧ ಸತ್ಯವೇ ದಾಖಲೆಯಾದೀತು.

ನಮಗೊಂದು ದೊಡ್ಡ ಭಯವಿದೆ. ಬಾಗಿದ್ದನ್ನು ಎಣಿಸುವ ಸಾಧನ ನಾವು ಕುಳಿತದ್ದನ್ನೂ ಎಣಿಸುತ್ತದೆ. ಆ ಲೆಕ್ಕ ಮುಕಾದಮನ, ಮಾಲೀಕನ ಕೈಗೆ ಹೋದರೆ ನೀರು ಕುಡಿಯಲು ನಿಂತ ಹೊತ್ತಿಗೂ ಕೂಲಿ ಕಡಿತವಾಗುತ್ತದೆ. ನಡ ಸೋತವರನ್ನು ಮುಂದಿನ ಹಂಗಾಮಿಗೆ ಕರೆಯುವುದೇ ಇಲ್ಲ. ಆದುದರಿಂದ ಹೆಸರಿರುವ ಯಾವ ಅಳತೆಯೂ ಅವರಿಗೆ ಸಿಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಬಲವನ್ನು ಇಲ್ಲಿ ಬಳಸಬೇಕು. ಒಪ್ಪಿಗೆ ಪತ್ರ ಕನ್ನಡ, ಮರಾಠಿ ಎರಡರಲ್ಲೂ ಇರಬೇಕು, ಓದು ಬಾರದವರಿಗೆ ಓದಿ ಹೇಳಬೇಕು. ಬೇಡವೆಂದವರ ಕೆಲಸಕ್ಕೆ ಧಕ್ಕೆಯಾಗಬಾರದು, ಕಟ್ಟಿಕೊಂಡವರಿಗೆ ಆ ದಿನದ ಕೂಲಿ ಪೂರ್ತಿ ಸಿಗಬೇಕು.

ಬಂದ ಅಳತೆಯನ್ನು ಮಾರುಕಟ್ಟೆ ಅಂಗಳದಲ್ಲೇ ನಮಗೆ ಓದಿ ಹೇಳಬೇಕು. ಅದರ ಆಧಾರದ ಮೇಲೆ ಚೀಲದ ತೂಕ ಇಳಿಸುವುದು, ಥಪ್ಪಿಯ ಎತ್ತರಕ್ಕೆ ಮಿತಿ, ಮಿಲ್ಲುಗಳಲ್ಲಿ ಚೀಲ ಏರಿಸುವ ಬೆಲ್ಟು, ಲಾರಿ ತುಂಬಲು ಜಾರದ ಅಗಲ ಹಲಗೆ, ಬಸುರಿಯರಿಗೆ ಹೊರೆಯಿಂದ ಬಿಡುಗಡೆ, ಇವುಗಳಿಗೆ ಆದೇಶ ಹೊರಡಿಸಬೇಕು. ಮುಂದಿನ ಹಂಗಾಮಿಗೆ ಮೊದಲು ನಮಗೆ ಲಿಖಿತ ಉತ್ತರ ದೊರೆಯಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಉದಗೀರ, ನಿಲಂಗಾ, ಉಮರ್ಗಾ ತಾಲ್ಲೂಕುಗಳ ಹಮಾಲರು, ಮಿಲ್ಲು ಕೆಲಸಗಾರರು ಮತ್ತು ಕಬ್ಬು ಕಡಿಯುವವರು

ಲಗತ್ತು: ಸಹಿ ಮತ್ತು ಹೆಬ್ಬೆಟ್ಟಿನ ಗುರುತಿನ ಹಾಳೆಗಳು