ರತ್ನಗಂಬಳಿಯ ಊರುಗುರುತು

ಪರ್ಷಿಯಾದ ರತ್ನಗಂಬಳಿಗಳನ್ನು ಊರಿನ ಹೆಸರು ಹಿಡಿದು ಕರೆಯುವುದು ರೂಢಿ. ತಬ್ರೀಜ್, ಹೆರಿಜ್, ಕಾಶಾನ್, ಇಸ್ಫಹಾನ್, ಕೆರ್ಮಾನ್, ನಾಯಿನ್, ಬಿಜಾರ್ ಎಂದು ಒಂದೊಂದಕ್ಕೂ ಬೇರೆ ಬೇರೆ ಚಹರೆ. ಬಲ್ಲವರು ಕಂಡಕೂಡಲೇ ಗುರುತು ಹಿಡಿಯುತ್ತಾರೆ. ಈ ಚಹರೆ ಎಲ್ಲಿಂದ ಬಂತು? ಅದು ಆ ಜನರ ರಕ್ತದಲ್ಲೇ ಇದೆ, ಸಾವಿರಾರು ವರ್ಷಗಳಿಂದ ಹರಿದುಬಂದಿದೆ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಕೇಳಲು ಚೆನ್ನಾಗಿದ್ದರೂ ಈ ಉತ್ತರ ನೇಯುವವರ ಕೆಲಸವನ್ನು ಮರೆಮಾಡುತ್ತದೆ. ಒಂದು ಊರಿನ ಶೈಲಿಯನ್ನು ರೂಪಿಸುವುದು ಅಲ್ಲಿನ ಮಗ್ಗ, ನೂಲು, ಬಣ್ಣ, ದುಡಿಮೆಯ ಕ್ರಮ ಮತ್ತು ಕೊಳ್ಳುವವರ ಬೇಡಿಕೆ. ನಾವು ಮೆಚ್ಚುವ ಚಿತ್ತಾರ ಇವೆಲ್ಲದರ ಫಲ ಎಂಬುದು ನನ್ನ ವಾದ.

ತಬ್ರೀಜ್ ಮತ್ತು ಹೆರಿಜ್ ಎರಡೂ ಇರಾನಿನ ವಾಯವ್ಯ ಭಾಗದಲ್ಲಿವೆ. ಎರಡೂ ಕಡೆ ಅಜೆರಿ ತುರ್ಕಿ ಮಾತನಾಡುತ್ತಾರೆ, ಎರಡು ಹಾಸಿನೆಳೆಗಳನ್ನೂ ಸಮನಾಗಿ ಸುತ್ತುವ ಒಂದೇ ಬಗೆಯ ಗಂಟು ಹಾಕುತ್ತಾರೆ. ರಕ್ತ, ಭಾಷೆಗಳೇ ಶೈಲಿಯನ್ನು ನಿರ್ಧರಿಸುವಂತಿದ್ದರೆ ಇವು ಒಂದೇ ತೆರನಾಗಿರಬೇಕಿತ್ತು. ಆದರೆ ತಬ್ರೀಜ್ ನಗರದ ಕಾರ್ಖಾನೆಯಲ್ಲಿ ನುರಿತ ಚಿತ್ರಕಾರ ಚೌಕುಳಿ ಕಾಗದದ ಮೇಲೆ ಪ್ರತಿ ಗಂಟಿನ ಬಣ್ಣವನ್ನೂ ಗುರುತಿಸಿ ಕೊಡುತ್ತಾನೆ. ನೇಯುವವರು ಕೊಕ್ಕೆಯಿರುವ ಚಾಕುವಿನಿಂದ ನೂಲೆಳೆದು ಬೇಗ ಬೇಗ ಗಂಟು ಹಾಕುತ್ತಾರೆ. ಹಾಗಾಗಿ ಬಳ್ಳಿ ಬಳುಕುತ್ತದೆ, ಎಲೆ ದುಂಡಾಗುತ್ತದೆ. ಹೆರಿಜ್ ಸುತ್ತಿನ ಹಳ್ಳಿಗಳಲ್ಲಿ ಮನೆಯಲ್ಲೇ ಕೂತು ನೇಯುವ ಹೆಂಗಸಿಗೆ ಇಡೀ ನಕ್ಷೆ ಸಿಗುತ್ತಿರಲಿಲ್ಲ. ಒಂದು ಸಣ್ಣ ಚಿತ್ರವನ್ನೋ ಹಳೆಯ ಗಂಬಳಿಯನ್ನೋ ನೋಡಿ, ಉಳಿದದ್ದನ್ನು ತಾನೇ ಕಲ್ಪಿಸಿಕೊಂಡು ನೇಯಬೇಕಿತ್ತು. ದಪ್ಪ ನೂಲಿನ, ವಿರಳ ಗಂಟಿನ ಆ ನೇಯ್ಗೆಯಲ್ಲಿ ದುಂಡು ಗೆರೆ ಮೂಡುವುದು ಕಷ್ಟ. ನಗರದ ವೃತ್ತಾಕಾರದ ಪದಕ ಅಲ್ಲಿ ಮೊನಚು ಮೂಲೆಗಳ ದೊಡ್ಡ ನಕ್ಷತ್ರವಾಯಿತು. ಮಿತಿಯಿಂದ ಹುಟ್ಟಿದ ಆ ಗೀಟುಗಳನ್ನೇ ಹೆರಿಜಿನ ಹೆಂಗಸರು ಒಂದು ಸೌಂದರ್ಯವಾಗಿ ಬೆಳೆಸಿದರು. ನಗರದ ನಕಲನ್ನು ಮೀರಿ ನಿಂತ ಸ್ವತಂತ್ರ ಶೈಲಿ ಅದು.

ದಕ್ಷಿಣದ ಫಾರ್ಸ್ ಪ್ರಾಂತ್ಯದ ಕಶ್ಕಾಯಿ ಅಲೆಮಾರಿಗಳಿಗೂ ಇದೇ ಮಾತು ಹೊಂದುತ್ತದೆ. ನೆಲಕ್ಕೆ ಗೂಟ ಹೊಡೆದು ಹಾಸು ಬಿಗಿಯುವ ಮಗ್ಗ ಅವರದು. ಕುರಿಗಳನ್ನು ಹೊಡೆದುಕೊಂಡು ಹೊರಡುವಾಗ ಗೂಟ ಕಿತ್ತು, ಅರೆ ನೇಯ್ದ ಗಂಬಳಿಯನ್ನು ಸುತ್ತಿ ಹೇರಬೇಕು. ಮುಂದಿನ ಬೀಡಿನಲ್ಲಿ ಮತ್ತೆ ಬಿಗಿದಾಗ ಬಿಗಿ ಮೊದಲಿನಷ್ಟೇ ಇರುವುದಿಲ್ಲ, ಅಂಚು ಕೊಂಚ ಓರೆಯಾಗುತ್ತದೆ. ಸಾಗಿಸಬೇಕಾದ್ದರಿಂದ ಅಳತೆ ಚಿಕ್ಕದು. ಕುರಿ ಸ್ವಂತದ್ದಾದ್ದರಿಂದ ಹಾಸು, ಹೊಕ್ಕು, ಗಂಟು ಎಲ್ಲವೂ ಉಣ್ಣೆ. ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಕಾಯಿಸುವುದರಿಂದ ಒಂದೇ ಕೆಂಪಿನೊಳಗೆ ಮೂರು ನಾಲ್ಕು ಛಾಯೆಯ ಪಟ್ಟಿಗಳು ಕಾಣುತ್ತವೆ. ಇದನ್ನು ದೋಷ ಎನ್ನುವವರು ಆ ಬದುಕನ್ನೇ ದೋಷ ಎಂದಂತೆ.

ಕುರ್ದಿಸ್ತಾನದ ಬಿಜಾರಿನಲ್ಲಿ ಹೊಕ್ಕನ್ನು ಒದ್ದೆ ಮಾಡಿ, ಭಾರವಾದ ಹಣಿಗೆಯಿಂದ ಬಡಿದು ಬಡಿದು ಕೂರಿಸುತ್ತಾರೆ. ಒಣಗಿದ ಮೇಲೆ ಗಂಬಳಿ ಹಲಗೆಯಂತೆ ಬಿರುಸಾಗುತ್ತದೆ. ಅದನ್ನು ಸುರುಳಿ ಸುತ್ತಬೇಕೇ ಹೊರತು ಮಡಚಬಾರದು. ಮಡಚಿದರೆ ಒಳಗಿನ ಹಾಸೇ ಮುರಿದೀತು. ಬಿಜಾರಿನ ಗುರುತು ಅದರ ಹೂವಿಗಿಂತ ಹೆಚ್ಚಾಗಿ ಈ ಏಟಿನಲ್ಲಿದೆ.

ಪ್ರಾಚೀನತೆಯ ಮಾತಿಗೆ ಬರೋಣ. ಗಂಟು ಹಾಕಿ ನೇಯುವ ವಿದ್ಯೆ ಹಳೆಯದೆಂಬುದರಲ್ಲಿ ಸಂಶಯವಿಲ್ಲ. ಸೈಬೀರಿಯಾದ ಅಲ್ತಾಯಿ ಪರ್ವತದ ಪಾಜಿರಿಕ್ ಸಮಾಧಿಯಲ್ಲಿ ಹಿಮದೊಳಗೆ ಉಳಿದು, 1949ರಲ್ಲಿ ಹೊರಬಂದ ಗಂಬಳಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅರ್ದಬೀಲ್ ಗಂಬಳಿಯ ಮೇಲೆ ಹಿಜರಿ 946, ಅಂದರೆ ಕ್ರಿ.ಶ. 1539–40, ಎಂಬ ಕಾಲವೂ ಮಕ್ಸೂದ್ ಕಾಶಾನಿ ಎಂಬ ಹೆಸರೂ ಇವೆ. ಆದರೆ ವಿದ್ಯೆ ಹಳೆಯದಾದ ಮಾತ್ರಕ್ಕೆ ಪ್ರತಿ ಊರಿನ ಶೈಲಿಯೂ ಹಳೆಯದಾಗುವುದಿಲ್ಲ. ನಾಯಿನ್ ಮೊದಲು ಹೆಸರಾಗಿದ್ದುದು ನವುರಾದ ಉಣ್ಣೆಯ ನಿಲುವಂಗಿ ಬಟ್ಟೆಗೆ. ಇಪ್ಪತ್ತನೇ ಶತಮಾನದಲ್ಲಿ ಪಾಶ್ಚಾತ್ಯ ಉಡುಪು ಬಂದು ಆ ಬಟ್ಟೆಗೆ ಬೇಡಿಕೆ ಕುಸಿದಾಗ ನೇಕಾರರು ಗಂಬಳಿಗೆ ಹೊರಳಿದರು. ಸಣ್ಣ ನೂಲಿಗೆ ಪಳಗಿದ ಕೈ ಹೊಸ ಕೆಲಸದಲ್ಲೂ ಅದೇ ನವುರನ್ನು ತಂದಿತು. ಇಂದಿಗೂ ನಾಯಿನ್ ಗಂಬಳಿಯ ದರ್ಜೆ ಅಳೆಯುವುದು ನೂಲಿನಿಂದಲೇ: ಕುಚ್ಚಿನ ಒಂದು ದಾರವನ್ನು ಬಿಡಿಸಿ ಎಳೆ ಎಣಿಸಿದರೆ ನಾಲ್ಕೆಳೆಯದು ಅತಿ ನವುರು, ಆರೆಳೆಯದು ಅದರ ನಂತರದ್ದು, ಒಂಬತ್ತೆಳೆಯದು ಒರಟು. ಕುಮ್ ನಗರದ ರೇಷ್ಮೆ ಗಂಬಳಿಗಳ ಕೀರ್ತಿಯೂ ಕಳೆದ ಶತಮಾನದ್ದೇ.

ಕೊಳ್ಳುವವರ ಪಾಲನ್ನೂ ಮರೆಯಬಾರದು. 1880ರ ದಶಕದಲ್ಲಿ ಮ್ಯಾಂಚೆಸ್ಟರಿನ ಝೀಗ್ಲರ್ ಕಂಪನಿ ಸುಲ್ತಾನಾಬಾದಿನಲ್ಲಿ, ಅಂದರೆ ಈಗಿನ ಅರಾಕಿನಲ್ಲಿ, ನೆಲೆಯೂರಿ ಯುರೋಪಿನ ಕೋಣೆಗಳಿಗೆ ಒಪ್ಪುವ ಅಳತೆ, ಬಣ್ಣಗಳಲ್ಲಿ ಗಂಬಳಿ ನೇಯಿಸಿತು. 1920ರ ದಶಕದ ಸುಮಾರಿಗೆ ಅಮೆರಿಕಕ್ಕೆ ಹೋದ ಸಾರೂಕ್ ಗಂಬಳಿಗಳ ನೆಲದ ಬಣ್ಣ ಅಲ್ಲಿನವರ ರುಚಿಗೆ ಹಿಡಿಸದಿದ್ದಾಗ, ಆ ಬಣ್ಣವನ್ನು ತಿಳಿಯಾಗಿಸಿ ಮೇಲೆ ಕುಂಚದಿಂದ ಕಡುಗೆಂಪು ಬಳಿದದ್ದೂ ಉಂಟು.

ಹಾಗಾದರೆ ಶೈಲಿ ಬರೀ ಪೇಟೆಯ ಸೃಷ್ಟಿಯೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಪೇಟೆ ಅಳತೆ ಹೇಳಬಲ್ಲದು, ಬಣ್ಣ ಹೇಳಬಲ್ಲದು. ಕೈಗೆ ಪಳಗಿಕೆ ಕೊಡಲಾರದು. ಹೊಸ ಬೇಡಿಕೆ ಬಂದಾಗ ಅದನ್ನು ಅರಗಿಸಿಕೊಂಡು ಊರಿನ ಗುರುತಾಗಿ ಮಾಡುವ ಶಕ್ತಿ ಇರುವುದು ನೇಯುವವರಲ್ಲಿ. ಯುನೆಸ್ಕೋ ಕೂಡ 2010ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಫಾರ್ಸ್ ಮತ್ತು ಕಾಶಾನಿನ ನೇಯ್ಗೆಯ ಕೌಶಲವನ್ನು. ಕಾಪಾಡಬೇಕಾದದ್ದು ಏನೆಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ.

ಇಂದು ಕಾಶಾನಿನ ಚಿತ್ತಾರವನ್ನು ಯಂತ್ರ ಗಂಟೆಗಳಲ್ಲಿ ಅಚ್ಚು ಹಾಕಿದಂತೆ ತೆಗೆಯುತ್ತದೆ. ನಮ್ಮ ಉತ್ತರಪ್ರದೇಶದ ಭದೋಹಿಯಲ್ಲೂ ಪರ್ಷಿಯಾದ ವಿನ್ಯಾಸಗಳನ್ನು ಕೈಯಲ್ಲೇ ನೇಯುತ್ತಾರೆ. ಭದೋಹಿಯದು ಪ್ರಾಮಾಣಿಕ ದುಡಿಮೆ. ಅದು ಭದೋಹಿಯ ಹೆಸರಿನಲ್ಲೇ ಮಾರಾಟವಾಗಬೇಕು. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಸಂತೋಷಪಟ್ಟ ನಾವು, ಹೆರಿಜಿನ ಹೆಂಗಸಿಗೂ ಅದೇ ನ್ಯಾಯ ಸಲ್ಲಬೇಕೆಂದು ಒಪ್ಪಲೇಬೇಕು. ಅವಳ ಊರಿನ ಹೆಸರು ಅವಳ ದುಡಿಮೆಯ ಗಳಿಕೆ.

2018ರಲ್ಲಿ ಅಮೆರಿಕದ ನಿರ್ಬಂಧ ಮರಳಿ ಬಂದು ಇರಾನಿನ ಗಂಬಳಿಗಳಿಗೆ ದೊಡ್ಡದೊಂದು ಪೇಟೆಯ ಬಾಗಿಲು ಮುಚ್ಚಿತು. ಕೂಲಿ ಕಟ್ಟದಿದ್ದರೆ ಮಕ್ಕಳು ಮಗ್ಗಕ್ಕೆ ಬರುವುದಿಲ್ಲ, ಬಂದು ಕಲಿಯದಿದ್ದರೆ ಒಂದೇ ತಲೆಮಾರಿನಲ್ಲಿ ಊರಿನ ಕೈ ತಪ್ಪುತ್ತದೆ. ಚಿತ್ತಾರಗಳನ್ನು ಪುಸ್ತಕದಲ್ಲಿ ಉಳಿಸಬಹುದು, ಬಿಜಾರಿನ ಏಟನ್ನು ಉಳಿಸಲಾಗದು. ಆದ್ದರಿಂದ ರತ್ನಗಂಬಳಿ ಕೊಳ್ಳುವ ಓದುಗರು ಅದನ್ನು ಒಮ್ಮೆ ಮಗುಚಿ ಹಿಂಬದಿ ನೋಡಿ. ಎಲ್ಲಿ ನೇಯ್ದದ್ದು, ಯಾವ ನೂಲು, ಯಾವ ಬಣ್ಣ, ನೇಯ್ದವರಿಗೆ ಸಂದದ್ದೆಷ್ಟು ಎಂದು ಕೇಳಿ. ಕೊಳ್ಳುವವರು ಕೇಳಿದರೆ ಮಾತ್ರ ಮಾರುವವರು ತಿಳಿದುಕೊಳ್ಳುತ್ತಾರೆ.