ಅರಸು ಜಾತಿ ಒಡೆದರೇ?



ದೇವರಾಜ ಅರಸು ಜಾತಿ ಜಾತಿಗಳನ್ನು ಒಡೆದರು ಅಂತ ವಿರೋಧಿಗಳು ಹೇಳ್ತಾನೇ ಬಂದಿದ್ದಾರೆ. ಒಡೆಯೋಕೆ ಊರು ಯಾವತ್ತು ಒಂದಾಗಿತ್ತು? ನಮ್ಮ ಕೇರಿ ಊರಾಚೆ ಬಿದ್ದಿದ್ದಾಗ ಇವರಿಗೆ ಒಡಕು ಕಾಣಲಿಲ್ಲ. 1974ರಲ್ಲಿ ಉಳುವವನೇ ಹೊಲದೊಡೆಯ ಅಂದಾಗ, 1975ರಲ್ಲಿ ಹಾವನೂರು ಆಯೋಗ ಹಿಂದುಳಿದವರ ಪಾಲು ಕೇಳಿದಾಗ ಥಟ್ಟನೆ ಕಂಡಿತು! ತಲೆ ಮೇಲೆ ಮಲ ಹೊರಿಸಬಾರದು ಅಂದ ಬಸವಲಿಂಗಪ್ಪ ಅದೇ ಸರ್ಕಾರದ ಮಂತ್ರಿ.

ಹಾಗಂತ ನಾವು ಭಟ್ಟಂಗಿಗಳಲ್ಲ. ಗೇಣಿಗೂ ನೆಲ ಸಿಗದ ಕೂಲಿಯವನಿಗೆ ಆ ಕಾಯ್ದೆ ಭೂಮಿ ಕೊಡಲಿಲ್ಲ. 1973ರಲ್ಲಿ ಬೂಸಾ ಗಲಾಟೆ ಎದ್ದಾಗ ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯ್ತು. ಸರ್ಕಾರ ಅವರನ್ನು ಉಳಿಸಿಕೊಳ್ಳಲಿಲ್ಲ. ಅರಸು ಅವರನ್ನು ಈ ಲೆಕ್ಕ ಕೇಳೋ ಹಕ್ಕು ನಮ್ಮದು. ಕೂತು ಗೇಣಿ ಉಂಡವರದಲ್ಲ.